ಮಡಿವಾಳೆಪ್ಪನ ತಂಪು ಸವಾರಿ

ಮಡಿವಾಳೆಪ್ಪ ವ್ಯಾನಿನೊಳಗೆ ಕೂತು ಗುಂಡಿ ಒತ್ತಿದ. ಗಾಳಿ ಬಂತು, ತಂಪು ಬರಲಿಲ್ಲ. ಇನ್ನೊಮ್ಮೆ ಒತ್ತಿದ. ಜ್ವರದವರು ಮುಖದ ಮೇಲೆ ಉಸಿರು ಬಿಟ್ಟ ಹಾಗೆ ಮತ್ತದೇ ಬೆಚ್ಚನೆಯ ಗಾಳಿ. ಗಾಳಿಕಂಡಿಯ ಮುಂದೆ ಅಂಗೈ ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡುವ ಪಂಡಿತನಂತೆ ಒಂದಷ್ಟು ಹೊತ್ತು ಕೂತ. ಆಮೇಲೆ ಕಣ್ಣು ತೆರೆದು, ಮನೆಯ ಬಾಗಿಲಲ್ಲಿ ಇಳಕಲ್ ಸೀರೆ ಉಟ್ಟು ಬುತ್ತಿಗಂಟು ಹಿಡಿದು ನಿಂತಿದ್ದ ಹೆಂಡತಿಗೆ ಹೇಳಿದ:

“ಗುರುಬಸವ್ವಾ, ಎಸಿ ಕೆಟ್ಟಂಗ ಕಾಣತೈತಿ.”

“ಕೆಟ್ರ ಕೆಡವಲ್ದ್ಯಾಕ ಬಿಡ್ರಿ. ವ್ಯಾನ ನಡೀತೈತಿಲ್ಲ? ಕಿಡಕಿ ತಗದ ಹೋಗೂಣು ನಡೀರಿ.”

ಆಗಲೇ ಮಡಿವಾಳೆಪ್ಪ ಹೂಂ ಎಂದು ಹೊರಟುಬಿಡಬೇಕಿತ್ತು. ಮುಂದೆ ಎಷ್ಟೋ ದಿನ ಆ ಬೆಳಗನ್ನು ನೆನೆದು ನೆನೆದು ಅವನೇ ಹಾಗೆ ಹೇಳಿಕೊಂಡಿದ್ದುಂಟು. ಆದರೆ ಆ ಹೊತ್ತಿಗೆ ಅವನಿಗೆ ಆ ಮಾತು ಮಾತೇ ಅನಿಸಲಿಲ್ಲ. ಅವಮಾನ ಅನಿಸಿತು.

ಕಾರಣವಿತ್ತು. ಗುರುಬಸವ್ವ ಸಾಲಿ ಕಲಿಯುವಾಗ ಒಮ್ಮೆ ನವಿಲುತೀರ್ಥದ ಡ್ಯಾಮಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಇವಳಿಗೆ ಮಾತ್ರ ಅವತ್ತೇ ದಡಾರ ಎದ್ದು ಮನೆಯಲ್ಲಿ ಉಳಿದಳು. ಮದುವೆಯಾದ ಹೊಸತರಲ್ಲಿ ಅದನ್ನು ಗಂಡನಿಗೆ ಹೇಳಿದಾಗ ಅವನು, “ಅಷ್ಟ ಹೌದಿಲ್ಲೋ? ಗೇಟ ತಗದಾಗ ನಾ ತೋರಸ್ತೇನಿ ತಗಿ” ಎಂದಿದ್ದ. ಮಲಪ್ರಭೆ ವರ್ಷ ವರ್ಷ ತುಂಬುವ ಹೊಳೆಯಲ್ಲ. ತುಂಬಿದ ವರ್ಷ ಇವನಿಗೆ ಎಲ್ಲಿಯದಾದರೂ ಬಾಡಿಗೆ ಬಂದಿರುತ್ತಿತ್ತು. ಇವನಿಗೆ ಬಿಡುವಿದ್ದ ವರ್ಷ ಹೊಳೆಯಲ್ಲಿ ದನ ದಾಟುತ್ತಿದ್ದವು. ಹೀಗೇ ತಲೆಗೂದಲು ಬೆಳ್ಳಗಾದವು.

ಇನ್ನೊಂದು ಕಾರಣವೂ ಇತ್ತು. ಮದುವೆಯಾದ ಮೊದಲ ಮಳೆಗಾಲದಲ್ಲಿ ಬೈಲಹೊಂಗಲದ ತವರಿಗೆ ಬಸ್ಸಿನಲ್ಲಿ ಹೋಗುವಾಗ ಸವದತ್ತಿ ದಾಟಿದ್ದೇ ತಡ ಗುರುಬಸವ್ವ ವಾಂತಿ ಮಾಡಿಕೊಳ್ಳತೊಡಗಿದ್ದಳು. ತವರುಮನೆಯ ಅಂಗಳದಲ್ಲಿ ಹೊಸ ಅಳಿಯ ಹೆಂಡತಿಯನ್ನು ಒದ್ದೆ ಬಟ್ಟೆಯಂತೆ ಹೆಗಲಿಗೆ ಹಾಕಿಕೊಂಡು ಇಳಿದಿದ್ದ. ‘ಬಸ್ಸಿನ ಧಗೆ ಆಕೆಗೆ ಆಗುವುದಿಲ್ಲ. ಒಂದು ದಿನ ತಂಪಾದ ಗಾಡಿಯಲ್ಲಿ ರಾಣಿಯ ಹಾಗೆ ಒಯ್ಯುತ್ತೇನೆ’ ಎಂದು ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಹೋದ ವರ್ಷ ಕರೆಂಟಿನ ವ್ಯಾನು ಕೊಂಡಾಗ ರಾಮದುರ್ಗದ ಆ ಓಣಿಯಲ್ಲಿ ಅವನು ಹೇಳದ ಮನೆಯಿಲ್ಲ: “ಎಸಿ ಇದ್ದದ್ದ ಬೇಕಂತ ತೊಗೊಂಡೇನಿ. ನಮ್ಮಾಕಿ ಸಲವಾಗಿ.” ಆದರೆ ಆ ತಂಪಿನಲ್ಲಿ ದಿನಾ ಸವದತ್ತಿಗೆ ಹೋಗಿ ಬರುತ್ತಿದ್ದವರು ಬ್ಯಾಂಕಿನವರು, ಮಾಸ್ತರು, ಅಕ್ಕೋರು. ಗುರುಬಸವ್ವ ಕೂತದ್ದು ಹೊಸ ವ್ಯಾನಿನ ಪೂಜೆಯ ದಿನ, ಗುಡಿಯ ತನಕ.

ಈಗ ಶ್ರಾವಣ. ಡ್ಯಾಮು ತುಂಬಿ ಗೇಟು ತೆಗೆದಿದ್ದರು. ತಾಲೂಕಿಗೆ ತಾಲೂಕೇ ಅತ್ತ ಹರಿಯುತ್ತಿತ್ತು. ಮೇಲಿನ ಮಳೆ ಕಡಿಮೆಯಾಗಿದೆ, ಇವತ್ತು ಸಂಜೆ ಗೇಟು ಇಳಿಸುತ್ತಾರೆ ಎಂದು ಸುದ್ದಿ ಬಂದದ್ದೇ ಮಡಿವಾಳೆಪ್ಪ ಬಾಡಿಗೆಗಳನ್ನೆಲ್ಲ ಬಿಟ್ಟು ಬೆಳಿಗ್ಗೆಯೇ ತಯಾರಾಗಿದ್ದ. ಇಂಥ ದಿನ ಎಸಿ ಕೆಡುವುದೆಂದರೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬಾಸಿಂಗದ ದಾರ ಹರಿದ ಹಾಗೆ.

“ಇಷ್ಟ ವರ್ಷ ಕಾದೀದಿ. ಒಂದೀಟ ತಡಿ, ಈಗ ರಿಪೇರಿ ಮಾಡಸ್ತೇನಿ” ಎಂದು ಬಾನೆಟ್ಟು ಎತ್ತಿದ.

ಓಣಿಯಲ್ಲಿ ಬಾನೆಟ್ಟು ಎತ್ತುವುದೂ ಬೆಲ್ಲದ ಹೆಂಟೆ ಬಿಚ್ಚುವುದೂ ಒಂದೇ. ಮೊದಲು ಬಂದವನು ಪಕ್ಕದ ಮನೆಯ ಸಿದ್ದರಾಮ. ಪಂಪಸೆಟ್ಟಿನ ಮೋಟಾರು ಕಟ್ಟುವುದು ಅವನ ಉದ್ಯೋಗ. ವೈರು ಎಲ್ಲಿದ್ದರೂ ಅದು ತನ್ನ ಸೀಮೆ ಎಂದು ತಿಳಿದವನು. ಹಿಂದೆಯೇ ಎದುರು ಮನೆಯ ಶಟ್ಟೆವ್ವ ಎಲೆಅಡಿಕೆ ಜಗಿಯುತ್ತ ಬಂದಳು. ಎಲ್ಲರಿಗಿಂತ ಕೊನೆಗೆ, ಬರಲೋ ಬೇಡವೋ ಎಂಬಂತೆ ಬಂದವನು ಖಾಸಿಮಸಾಬ. ಇಡೀ ಆಯುಷ್ಯ ಬಸ್ಸು ನಡೆಸಿ ನಿವೃತ್ತನಾದ ಮನುಷ್ಯ. ಗುರುಬಸವ್ವನಿಗೆ ಒಡಹುಟ್ಟಿದವನಿಗಿಂತ ಹೆಚ್ಚು. ನಾಗರಪಂಚಮಿಯ ಉಂಡಿ ಮೊದಲು ಹೋಗುತ್ತಿದ್ದದ್ದು ಅವನ ಮನೆಗೇ.

“ಗ್ಯಾಸ ಹೋಗಿರಬೇಕು” ಎಂದ ಸಿದ್ದರಾಮ, ಒಳಗೆ ನೋಡುವ ಮೊದಲೇ.

“ನಮ್ಮ ಮನ್ಯಾಗೂ ಹೋಗೈತಿ, ನಾಳಿ ಬರತೈತಂತ” ಎಂದಳು ಶಟ್ಟೆವ್ವ.

“ಅದಲ್ಲಬೇ ಯವ್ವಾ!” ಸಿದ್ದರಾಮ ಕತ್ತು ತೂರಿಸಿದ. ಅಲ್ಯೂಮಿನಿಯಂ ಕೊಳವೆಯ ಮೇಲೆ ಕುಳಿತಿದ್ದ ಹೆಬ್ಬೆರಳಿನಷ್ಟು ದೊಡ್ಡ ಒಂದು ಭಾಗ ಸೊಟ್ಟಗಾಗಿತ್ತು. ಅದರ ವೈರಿನ ತುದಿ ಕಿತ್ತು ಜೋತಾಡುತ್ತಿತ್ತು. “ಸಿಕ್ತು ನೋಡ್ರಿ. ಇದ ಪ್ರೆಶರ್ ಸ್ವಿಚ್ಚು. ಒಳಗ ಗ್ಯಾಸಿನ ಒತ್ತಡ ಬರೋಬರಿ ಐತೋ ಇಲ್ಲೋ ಅಂತ ಕಾಯೂದು. ಇದು ಹೂಂ ಅಂದ್ರ ಎಸಿ ಹೂಂ, ಇದು ಊಹೂಂ ಅಂದ್ರ ಎಸಿ ಊಹೂಂ.”

“ಹಂಗಾರ ಮನ್ಯಾಗಿನ ಅತ್ತೆವ್ವ ಇದ್ದಂಗ” ಎಂದಳು ಶಟ್ಟೆವ್ವ.

“ಯಾರ ಕಿತ್ತಾರಿದನ್ನ?” ಮಡಿವಾಳೆಪ್ಪನ ಧ್ವನಿ ಏರಿತು.

“ಹೆಗ್ಗಣ!” ಎಂದ ಖಾಸಿಮಸಾಬ. ಅವನು ಆಡಿದ ಮೊದಲ ಮಾತು ಅದು, ಅದೂ ಸ್ವಲ್ಪ ಅವಸರದಲ್ಲಿ ಬಂತು. “ನಮ್ಮ ಓಣ್ಯಾಗ ಬೆಕ್ಕಿನಷ್ಟ ದೊಡ್ಡು ಹೆಗ್ಗಣ ಅದಾವ. ಅದಿರಲಿ ಮಡಿವಾಳೆಪ್ಪಾ, ಎಸಿ ಯಾಕ ಬೇಕೋ? ದೇವರು ಕೊಟ್ಟ ಗಾಳಿ ಐತಿ. ಸುಮ್ನ ಹೊಂಡ್ರಿ ಇಬ್ರೂ.”

“ನೀ ಸುಮ್ನಿರು ಖಾಸಿಮಣ್ಣ. ನಿನಗ ಬಸ್ಸಿನ ಧೂಳ ರೂಢಿ.”

ಅಷ್ಟರಲ್ಲಿ ಸಿದ್ದರಾಮ ಕಿಸೆಯಿಂದ ಒಂದು ಚೂರು ತಂತಿ ತೆಗೆದು, “ಕಾವಲುಗಾರ ಇಲ್ಲಂದ್ರ ಬಾಗಲಾ ತಗಿಯಾಕ ಬರೂದಿಲ್ಲೇನು?” ಎನ್ನುತ್ತ ಜೋತಾಡುವ ವೈರಿನ ಎರಡು ತೂತುಗಳಿಗೆ ಸಿಕ್ಕಿಸಿಯೇ ಬಿಟ್ಟ. ‘ಚಟ್’ ಎಂದಿತು. ಚಾಲಕನ ಮುಂದಿನ ದೀಪಗಳೆಲ್ಲ ಉರುಸಿನ ಲೈಟಿನಂತೆ ಒಮ್ಮೆ ಬಣ್ಣಬಣ್ಣವಾಗಿ ಉರಿದು ಆರಿದವು. ಆವರೆಗೆ ಬರುತ್ತಿದ್ದ ಬೆಚ್ಚನೆಯ ಗಾಳಿಯೂ ನಿಂತಿತು.

“ಫ್ಯೂಜ ಹೋತು. ಸಣ್ಣದು” ಎಂದ ಸಿದ್ದರಾಮ, ಒಂದು ಹೆಜ್ಜೆ ಹಿಂದೆ ಸರಿದು. “ಇದು ಕಂಪನಿ ಕೆಲಸ. ಯರಗಟ್ಟ್ಯಾಗ ತೌಸೀಫ್ ಅಂತ ಒಬ್ಬಾಂವ ಅದಾನ, ಕರೆಂಟ ಗಾಡಿ ಎಸಿ ಅಂದ್ರ ಅವನ ಕಡೆನ ಹೋಗಬೇಕು.”

ಯರಗಟ್ಟಿಯಿಂದ ಡ್ಯಾಮು ದೂರವಲ್ಲ. ರಿಪೇರಿ ಮುಗಿಸಿಕೊಂಡು ಅಲ್ಲಿಂದಲೇ ಹೋದರಾಯಿತೆಂದು ಮಡಿವಾಳೆಪ್ಪ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಕರೆಯದಿದ್ದರೂ ಖಾಸಿಮಸಾಬ ಛತ್ರಿ ಹಿಡಿದು ಹಿಂದಿನ ಸೀಟಿಗೆ ಹತ್ತಿದ. “ಯಾಕಣ್ಣ?” ಎಂದು ಕೇಳಿದರೆ, “ಏನೋಪಾ, ಮನಸ್ಸ ತಡೀವಲ್ದು” ಎಂದ.

ಯರಗಟ್ಟಿಯ ತನಕ ಕಿಟಕಿಗಳೆಲ್ಲ ತೆರೆದೇ ಇದ್ದವು. ಶಬ್ದವಿಲ್ಲದ ವ್ಯಾನು ಹೆಸರಿನ ಹೊಲಗಳ ನಡುವೆ ಹೋಗುತ್ತಿದ್ದರೆ ಹಸಿ ಮಣ್ಣಿನ ವಾಸನೆ ಒಳಗೆ ನುಗ್ಗುತ್ತಿತ್ತು. ಗುರುಬಸವ್ವನ ಸೆರಗು ಹಾರಿ ಹಾರಿ ಗಂಡನ ಮುಖಕ್ಕೆ ಬಡಿಯಿತು. ಅವಳು ಬುತ್ತಿಯಿಂದ ಶೇಂಗಾ ಹೋಳಿಗೆ ತೆಗೆದು ತಾನೂ ತಿಂದು ಹಿಂದಿನ ಸೀಟಿಗೂ ಕೊಟ್ಟಳು. ಯಾವುದೋ ಬೀಸುವ ಕಲ್ಲಿನ ಪದವನ್ನು ಸಣ್ಣಗೆ ಗುನುಗಿದಳು. ಮಡಿವಾಳೆಪ್ಪನಿಗೆ ಇದು ಯಾವುದೂ ಕಾಣಲಿಲ್ಲ. ಅವನು ದಾರಿಯುದ್ದಕ್ಕೂ ತಪ್ಪಾಯಿತೆಂದು ಹೇಳುವುದರಲ್ಲೇ ಇದ್ದ.

“ಧಗಿ ಆಗಾಕತ್ತೈತೇನು?”

“ಇಲ್ರಿ.”

“ನನಗ ಗೊತ್ತೈತಿ, ನೀ ಹೇಳಾಕಿ ಅಲ್ಲ. ಇನ್ನೊಂದೀಟ ತಡಕೋ. ಒಮ್ಮಿ ಎಸಿ ಆತಂದ್ರ ಮಹಾಬಳೇಶ್ವರಕ್ಕ ಹ್ವಾದಂಗ ಆಕ್ಕೈತಿ.”

ಗುರುಬಸವ್ವ ಏನೋ ಹೇಳಹೊರಟು, ಗಂಡನ ಬೆವರಿಳಿದ ಮುಖ ನೋಡಿ, ಇನ್ನೊಂದು ಚೂರು ಹೋಳಿಗೆ ಬಾಯಿಗಿಟ್ಟುಕೊಂಡಳು.

ತೌಸೀಫನ ಗ್ಯಾರೇಜು ಯರಗಟ್ಟಿಯ ಪೇಟೆಯ ಹಿಂದೆ. ಅವನು ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ನೋಡಿ, “ಯಾರ ಹಿಂಗ ಜಗ್ಗ್ಯಾರ್ರೀ ಇದನ್ನ? ಸ್ವಿಚ್ಚಿನ ಕಡ್ಡೀನ ಮುರದಾವು” ಎಂದ.

“ಹೆಗ್ಗಣ” ಎಂದ ಖಾಸಿಮಸಾಬ.

“ಹೆಗ್ಗಣ ಕಡೀತೈತ್ರಿ ಚಾಚಾ. ಜಗ್ಗೂದಿಲ್ಲ.”

“ನಮ್ಮೂರ ಹೆಗ್ಗಣ ಜಗ್ಗತಾವ” ಎಂದ ಖಾಸಿಮಸಾಬ, ಮುಖ ಆಚೆ ತಿರುಗಿಸಿ.

ತೌಸೀಫ್ ತನ್ನಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ತಡಕಾಡಿದ. ಒಂದರ ತಿರುಪು ಕೂಡಲಿಲ್ಲ, ಒಂದರ ಕಡ್ಡಿ ಕೂಡಲಿಲ್ಲ. ಬೆಳಗಾವಿಗೆ ಫೋನು ಹಚ್ಚಿದ. ಅಲ್ಲಿಂದ ರಾಮದುರ್ಗಕ್ಕೆ ಬರುವ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತೇವೆಂದರು.

“ಅಲ್ಲಿ ಮಟಾ ಡ್ಯಾಮರ ನೋಡಕೊಂಡ ಬರೂಣು ನಡೀರಿ” ಎಂದಳು ಗುರುಬಸವ್ವ. “ಇಲ್ಲೇ ಮುನವಳ್ಳಿ ದಾಟಿದ್ರ ಬಂತು.”

ತೌಸೀಫನೂ, “ಹೋಗಿ ಬರ್ರಿ, ಗಾಡಿ ಓಡಾಕ ಏನೂ ಅಡ್ಡಿಯಿಲ್ಲ” ಎಂದ. ಖಾಸಿಮಸಾಬನಂತೂ ವ್ಯಾನಿನ ಬಾಗಿಲು ತೆರೆದೇ ನಿಂತ.

ಮಡಿವಾಳೆಪ್ಪನ ಮನಸ್ಸು ಒಂದು ಗಳಿಗೆ ಅತ್ತ ವಾಲಿತು. ಆದರೆ ಕಣ್ಣ ಮುಂದೆ ಓಣಿ ಬಂತು, ಸಿದ್ದರಾಮ ಬಂದ. ‘ಎಸಿ ಹೆಂಡತಿ ಸಲವಾಗಿ ಅಂದಿ, ಕಡೀಕ ಕಿಡಕಿ ತಗದ ಒಯ್ದೀ ಏನು?’ ಎಂದು ಕೇಳಿಯೇ ಕೇಳುತ್ತಾನೆ.

“ಹೋದ್ರ ತಂಪಿನ್ಯಾಗನ ಹೋಗೂದು. ಅರ್ಧಾ ಮರ್ಧಾ ಕೆಲಸ ನನ್ನ ಕಡೆ ಇಲ್ಲ” ಎಂದುಬಿಟ್ಟ.

ಬಸ್‌ಸ್ಟ್ಯಾಂಡಿಗೆ ಹೋಗಿ ಪಾರ್ಸಲ್ಲು ಇಸಿದುಕೊಂಡು ಬರುವ ಕೆಲಸವನ್ನು ಖಾಸಿಮಸಾಬ ತಾನೇ ಮೇಲೆ ಬಿದ್ದು ವಹಿಸಿಕೊಂಡ. ಬಸ್ಸು ಬಂತು. ಡ್ರೈವರನ ಸೀಟಿನಿಂದ ಇಳಿದವನು ಅರ್ಜುನ. ಖಾಸಿಮಸಾಬನ ಕೈಕೆಳಗೆ ಗೇರು ಹಾಕುವುದನ್ನು ಕಲಿತವನು! ಇಬ್ಬರೂ ಅಪ್ಪಿಕೊಂಡರು. ಚಹಾ ಕುಡಿದರು. ಸತ್ತವರನ್ನು ನೆನೆದರು, ಬದುಕಿದವರನ್ನು ಬೈದರು. ಕಂಡಕ್ಟರ್ ಸೀಟಿ ಊದಿದ. ಅರ್ಜುನ ಹತ್ತಿದ, ಬಸ್ಸು ಹೋಯಿತು. ಖಾಸಿಮಸಾಬ ಕಣ್ಣೊರೆಸಿಕೊಳ್ಳುತ್ತ ಗ್ಯಾರೇಜಿಗೆ ಬಂದ.

“ಪಾರ್ಸಲ್ಲೆಲ್ಲಿ?” ಎಂದ ಮಡಿವಾಳೆಪ್ಪ.

ಖಾಸಿಮಸಾಬ ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಮತ್ತಾರದೋ ಕೈಗಳನ್ನು ನೋಡುವ ಹಾಗೆ.

ಅಷ್ಟರಲ್ಲಿ ತೌಸೀಫ್ ವ್ಯಾನಿನ ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿಸಿಯಾಗಿತ್ತು, ಅದು ಕದಲುವಂತಿರಲಿಲ್ಲ. ಅವನ ಮೋಟಾರ್‌ಸೈಕಲ್ಲು ತೆಗೆದುಕೊಂಡು ಬಸ್ಸಿನ ಬೆನ್ನು ಹತ್ತುವುದೆಂದು ಆಯಿತು. ಮಡಿವಾಳೆಪ್ಪ ಕೀಲಿಗೆ ಕೈ ಚಾಚುವ ಮೊದಲೇ ಖಾಸಿಮಸಾಬ ಮುಂದೆ ಕೂತ. ಅವನು ಮೋಟಾರ್‌ಸೈಕಲ್ಲನ್ನೂ ಬಸ್ಸಿನಂತೆಯೇ ನಡೆಸಿದ. ತಿರುವು ಬಂದರೆ ಇಡೀ ರಸ್ತೆ ಬಳಸಿ ತಿರುಗಿಸಿದ. ಎಮ್ಮೆ ಕಂಡರೆ ಹಾರ್ನು ಒತ್ತಿಯೇ ನಿಂತ. ರೂಢಿಯೋ ಏನೋ, ಹಾದಿಯ ಒಂದೊಂದು ಸ್ಟಾಪಿನಲ್ಲೂ ತಪ್ಪದೆ ನಿಲ್ಲಿಸಿದ.

“ಯಾಕ ನಿಂದ್ರಸ್ತೀ ಮಾರಾಯಾ?” ಎಂದು ಮಡಿವಾಳೆಪ್ಪ ಹಿಂದಿನಿಂದ ಚೀರಿದ.

“ಮಂದಿ ಕೈ ಮಾಡಿದ್ರಲ್ಲೋ!”

ಬಸ್ಸೂ ಅದೇ ಸ್ಟಾಪುಗಳಲ್ಲಿ ನಿಂತು ನಿಂತು ಹೋಗುತ್ತಿದ್ದರಿಂದ ಅರ್ಧ ಹಾದಿಗೆ ಹೇಗೋ ಸಿಕ್ಕಿತು. ಮೋಟಾರ್‌ಸೈಕಲ್ಲಿನಿಂದ ಕೈ ಬೀಸುತ್ತಿದ್ದ ಗುರುವನ್ನು ಮೊದಲು ಕನ್ನಡಿಯಲ್ಲಿ ಕಂಡಾಗ ಅರ್ಜುನ, ಬೀಳ್ಕೊಡಲು ಇಷ್ಟು ದೂರ ಬಂದರಲ್ಲ ಎಂದು ಗದ್ಗದಿತನಾಗಿ, ತಾನೂ ಕೈ ಬೀಸಿ ಇನ್ನಷ್ಟು ಜೋರಾಗಿ ಓಡಿಸಿದ್ದನಂತೆ.

ಅವರು ಪಾರ್ಸಲ್ಲು ಹಿಡಿದು ಮರಳಿದಾಗ ನೆತ್ತಿಯ ಮೇಲಿದ್ದ ಸೂರ್ಯ ಇಳಿಯತೊಡಗಿದ್ದ. ಗುರುಬಸವ್ವ ಹಳೆಯ ಟಾಯರಿನ ಮೇಲೆ ಸೀರೆ ಮುದುಡದಂತೆ ಕೂತಿದ್ದಳು. ಬುತ್ತಿಯ ರೊಟ್ಟಿ, ಬದನೆಕಾಯಿ ಎಣಗಾಯಿ ಗ್ಯಾರೇಜಿನವರ ಹೊಟ್ಟೆ ಸೇರಿತ್ತು. ಪೇಟೆಗೆ ಹೋಗುವವರು ಬರುವವರು, “ಡ್ಯಾಮ ನೋಡಿ ಬಂದ್ರೇನ ಅಕ್ಕಾರ?” ಎಂದು ಕೇಳಿದರೆ, “ಹೋಗೂದೈತಿ” ಎನ್ನುತ್ತಿದ್ದಳು. ಆ ಧ್ವನಿ ಹೊತ್ತು ಹೊತ್ತಿಗೆ ಸಣ್ಣಗಾಗುತ್ತಿತ್ತು.

ತೌಸೀಫ್ ದಪ್ಪ ರಬ್ಬರಿನ ಗವಸು ತೊಟ್ಟು, “ಕೇಸರಿ ಬಣ್ಣದ ವೈರಿನ ಸನೇಕ ಯಾರೂ ಬರಬ್ಯಾಡ್ರಿ. ಮುಟ್ಟಿದ್ರ ಸೀದಾ ಕೈಲಾಸ” ಎಂದ. ಖಾಸಿಮಸಾಬ ಗ್ಯಾರೇಜಿನ ಆಚೆಗೇ ಹೋಗಿ ನಿಂತ. ಹಳೆಯ ಸ್ವಿಚ್ಚು ತಿರುಗಿಸುವಾಗ ‘ಫುಸ್ಸ್’ ಎಂದಿತು. ಮಡಿವಾಳೆಪ್ಪ ಹಾರಿ ಹಿಂದೆ ಸರಿದ. “ಅಂಜಬ್ಯಾಡ್ರಿ, ಕೆಳಗ ಸಣ್ಣ ವಾಲ್ವ ಐತಿ, ಗ್ಯಾಸ ತಾನ ಹಿಡಕೊಂತೈತಿ. ನಿಮ್ಮ ಗಾಡೀಗಿ ಇಷ್ಟ ಪುಣ್ಯಾ ಐತಿ” ಎಂದ ತೌಸೀಫ್. ಹೊಸದರ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ, ಕೈಯಿಂದಲೇ ತಿರುಪು ಕೂರಿಸಿ, ಆಮೇಲೆ ಪಾನಾ ಹಾಕಿ ಬಿಗಿದ. ವೈರಿನ ತುದಿ ರಿಪೇರಿ ಮಾಡಿ ಸಿಕ್ಕಿಸಿದ. ಸುಟ್ಟ ಫ್ಯೂಜು ಬದಲಿಸಿದ. ಬ್ಯಾಟರಿ ಜೋಡಿಸಿದ.

ಗುಂಡಿ ಒತ್ತಿದರೆ ತಂಪು ಬಂತು. ಎಂಥ ತಂಪು! ಮಾಘದ ಬೆಳಗಿನಲ್ಲಿ ಹೊಳೆಗೆ ಇಳಿದ ಹಾಗೆ. ಮಡಿವಾಳೆಪ್ಪನ ಮುಖ ಅರಳಿತು.

“ಹತ್ತು ಗುರುಬಸವ್ವಾ! ಕಿಡಕಿ ಏರಸು. ತಂಪ ಹೊರಗ ಹೊಕ್ಕೈತಿ.”

ಗುರುಬಸವ್ವ ಕಿಟಕಿ ಏರಿಸಿದಳು. ಹಿಂದಿನ ಸೀಟಿನಲ್ಲಿ ಖಾಸಿಮಸಾಬ ದೊಡ್ಡದೊಂದು ಉಸಿರು ಬಿಟ್ಟ.

ವ್ಯಾನು ಮುನವಳ್ಳಿಯ ದಾರಿ ಹಿಡಿಯಿತು. ಮೋಡ ಕವಿದು ತುಂತುರು ಶುರುವಾಗಿತ್ತು. ಒಳಗೆ ಹೊಸ ಸೀಟಿನ ರೆಕ್ಸಿನ್ನಿನ ವಾಸನೆ, ಕನ್ನಡಿಗೆ ತೂಗುಹಾಕಿದ್ದ ಮಲ್ಲಿಗೆ ಸೆಂಟಿನ ಡಬ್ಬಿಯ ವಾಸನೆ, ಖಾಸಿಮಸಾಬನ ತಲೆಯ ಎಣ್ಣೆಯ ವಾಸನೆ ಎಲ್ಲ ಕೂಡಿ ಮುಚ್ಚಿದ ಡಬ್ಬಿಯಲ್ಲಿಟ್ಟ ಸಾರಿನಂತಾಗಿತ್ತು. ಮಡಿವಾಳೆಪ್ಪ ಸಂತೋಷದಲ್ಲಿದ್ದ. ತಂಪನ್ನು ಇನ್ನಷ್ಟು ಏರಿಸಿ, “ಹೆಂಗೈತಿ?” ಎಂದು ಕೇಳಿದ.

ಪಕ್ಕಕ್ಕೆ ತಿರುಗಿದರೆ ಗುರುಬಸವ್ವನ ಮುಖ ಬಿಳಿಚಿ, ಸೆರಗು ಬಾಯಿಗೆ ಹೋಗಿತ್ತು.

“ನಿಂದ್ರಸ್ರಿ!”

ಬಾಗಿಲು ತೆಗೆದವಳೇ ರಸ್ತೆಯ ಪಕ್ಕದ ಜಾಲಿಗಿಡ ಹಿಡಿದು ಬಗ್ಗಿದಳು. ಬೆಳಗಿನ ಹೋಳಿಗೆಯಿಂದ ಹಿಡಿದು ಎಲ್ಲವೂ ಹೊರಗೆ ಬಂತು. ನೀರು ಮುಕ್ಕಳಿಸಿ ಮತ್ತೆ ಹತ್ತಿದಳು. “ಧಗೀ ಒಳಗ ಕುಂತಿದ್ದಿ, ಅದಕ್ಕ ಪಿತ್ತ ಆಗೈತಿ” ಎಂದು ಮಡಿವಾಳೆಪ್ಪ ತಂಪನ್ನು ಮತ್ತಷ್ಟು ಹೆಚ್ಚಿಸಿದ. ಸ್ವಲ್ಪ ದೂರ ಹೋಗುವುದರಲ್ಲಿ ಮತ್ತೆ ನಿಲ್ಲಿಸಬೇಕಾಯಿತು. ಮುನವಳ್ಳಿಯ ಊರೊಳಗೆ ಇನ್ನೊಮ್ಮೆ. ಆಮೇಲೆ ಅವಳು ಒಂದು ಕಟ್ಟೆಯ ಮೇಲೆ ಕೂತುಬಿಟ್ಟಳು. ಏಳಲು ಬಲವಿರಲಿಲ್ಲ. ಹೊತ್ತು ಜಾರುತ್ತಿತ್ತು.

“ಹಿಂಗ ಯಾಕಾತು?” ಮಡಿವಾಳೆಪ್ಪ ತಲೆಗೆ ಕೈ ಹಚ್ಚಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ. “ಎಸಿ ಬರೋಬರಿ ನಡದೈತಲ್ಲ!”

ಖಾಸಿಮಸಾಬನಿಗೆ ಇನ್ನು ತಡೆಯಲಾಗಲಿಲ್ಲ. “ಅದಕ್ಕೇನ ಆಗೈತೋಪಾ. ತಂಗೀ, ನೀ ಹೇಳತೀಯೋ, ನಾ ಹೇಳಲೋ?”

ಗುರುಬಸವ್ವ ನೆಲ ನೋಡುತ್ತ ಹೇಳಿದಳು. “ಹೆಗ್ಗಣ ಅಲ್ರಿ ಅದು. ನಾನ ಖಾಸಿಮಣ್ಣಗ ಹೇಳಿ ತಗಸಿದ್ದು.”

ಮಡಿವಾಳೆಪ್ಪ ತಲೆಯಿಂದ ಕೈ ತೆಗೆದು ಖಾಸಿಮಸಾಬನ ಕಡೆ ನೋಡಿದ.

“ನಂಗ ಧಗಿ ಏನೂ ಮಾಡೂದಿಲ್ರಿ. ಕಿಡಕಿ ಮುಚ್ಚಿದ್ರನ ಆಗೂದಿಲ್ಲ. ಆವತ್ತ ಬಸ್ಸಿನ್ಯಾಗ ಮಳಿ ಅಂತ ಎಲ್ಲಾ ಮುಚ್ಚಿದ್ರು. ಅದಕ್ಕ ಹಂಗಾತು. ನೀವು ಓಣಿ ತುಂಬ ನಮ್ಮಾಕಿ ಸಲವಾಗಿ ಎಸಿ, ನಮ್ಮಾಕಿ ಸಲವಾಗಿ ಎಸಿ ಅಂತ ಹೇಳಕೋತ ಬಂದ್ರಿ. ಹೆಂಗ ಬ್ಯಾಡನ್ಲಿ? ಪೂಜಿ ದಿನ ಗುಡೀಗಿ ಹೋಗಿ ಬರೂದ್ರಾಗ ಜೀವ ಹಿಡಕೊಂಡಿದ್ದೆ. ಇವತ್ತೊಂದ ದಿನ ಅದು ಕೆಟ್ಟಂಗ ಮಾಡಿದ್ರ ಕಿಡಕಿ ತಗದ ಹೋಗಬಹುದಲ್ಲಾ ಅಂತ ನಿನ್ನೆ ಕೀಲಿ ಕೊಟ್ಟ ಕಳಿಸಿದ್ದೆ.”

“ನಾ ಬರೇ ಬಿಚ್ಚಬೇಕಂತ ಹೋದವ” ಎಂದ ಖಾಸಿಮಸಾಬ. “ನಮ್ಮ ಬಸ್ಸಿನ್ಯಾಗ ಯಾವುದೂ ಜಗ್ಗದ ಬರತಿರಲಿಲ್ಲೋ. ಆ ರೂಢೀ ಮ್ಯಾಲ ಹಿಡದ ಜಗ್ಗಿದೆ. ಕೈಯಾಗ ಬಂತು. ಸಂಜಿ ತಿರುಗಿ ಸಿಗಸಬೇಕು ಅಂತ ಇತ್ತು…”

ಮಡಿವಾಳೆಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಏನೋ ಖಾಲಿಯಾಗಿ ತಣ್ಣಗಿತ್ತು. ಎದ್ದು ಹೋಗಿ ಎಸಿ ಆರಿಸಿದ. ಕಿಟಕಿಗಳನ್ನು ಒಂದೊಂದಾಗಿ ತೆರೆದ. ಕನ್ನಡಿಯ ಸೆಂಟಿನ ಡಬ್ಬಿ ಕಿತ್ತು ಗಟಾರಕ್ಕೆ ಎಸೆದ. ಬಂದು ಹೆಂಡತಿಯ ಕೈ ಹಿಡಿದೆಬ್ಬಿಸಿದ. “ನಡಿ” ಎಂದ. ಅಷ್ಟೇ.

ಡ್ಯಾಮಿನ ಹತ್ತಿರ ಹೋಗುವಾಗ ಎದುರಿನಿಂದ ಟಂಟಂ, ಟ್ರ್ಯಾಕ್ಟರು, ಮೋಟಾರ್‌ಸೈಕಲ್ಲುಗಳು ಸಾಲಾಗಿ ಬರುತ್ತಿದ್ದವು. ಎಲ್ಲರ ಕೂದಲೂ ಒದ್ದೆ. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. ಆ ಸಾಲಿನಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸಿದ್ದರಾಮನೂ ಇದ್ದ!

“ಏ, ಈಗ ಬಂದ್ರ್ಯಾ? ಈಗ ಇಳಿಸಿದ್ರಲ್ಲೋ ಗೇಟ! ನೀವು ಹೊಂಟದ್ದ ನೋಡಿ ನಮ್ಮಾಕೀನೂ ಜೀವಾ ತಿಂದ್ಲು. ಮುಂಜಾನೆ ಬಂದಾವ್ರು ಈಗ ತಿರಿಗಿ ಹೊಂಟೇವಿ ನೋಡ್ರಿ. ಆಹಾ ಏನ್ ನೀರೋ ಮಡಿವಾಳೆಪ್ಪಾ! ವೈನಿ, ಇಲ್ನೋಡ್ರಿ…” ಎಂದು ಮೊಬೈಲು ತೆಗೆದು ಹಿಡಿದ.

ಬೊಗಸೆಯಷ್ಟು ಪರದೆಯ ಮೇಲೆ ಏನೋ ಬೆಳ್ಳಗೆ ಹಾರುತ್ತಿತ್ತು. ಅದರ ಮುಂದೆ ಸಿದ್ದರಾಮನ ದೊಡ್ಡ ತಲೆ. ಗುರುಬಸವ್ವ ಅದನ್ನು ಬಹಳ ಹೊತ್ತು ನೋಡಿ, “ಚಂದ ಐತ್ರಿ” ಎಂದು ಫೋನು ಹಿಂದಿರುಗಿಸಿದಳು.

ಆದರೂ ಹೋದರು. ಕಬ್ಬಿಣದ ಗೇಟುಗಳು ಮುಚ್ಚಿದ್ದವು. ಅವುಗಳ ಮೈಯಿಂದ ನೀರು ಇನ್ನೂ ಸೋರುತ್ತಿತ್ತು. ಕೆಳಗೆ ಬಂಡೆಗಳ ನಡುವೆ ನೊರೆ ಸುತ್ತುತ್ತ ಸುತ್ತುತ್ತ ಒಡೆಯುತ್ತಿತ್ತು. ಮದುವೆ ಮುಗಿದ ಮರುಗಳಿಗೆಯ ಹಂದರದಂತೆ ಆ ಜಾಗ ಭಣಗುಡುತ್ತಿತ್ತು. ಮಡಿವಾಳೆಪ್ಪ ಕಂಬಿ ಹಿಡಿದು ನಿಂತ.

“ಯರಗಟ್ಟ್ಯಾಗ ನೀ ಅಂದಾಗರ ಬರಬೇಕಿತ್ತು.”

“ನಾನರ ಬಾಯಿ ಬಿಟ್ಟ ಹೇಳಬೇಕಿತ್ತು.” ಗುರುಬಸವ್ವ ಪಕ್ಕಕ್ಕೆ ಬಂದು ನಿಂತಳು. “ನಿಮ್ಮ ಮನಸ್ಸ ಮುರೀಬಾರದಂತ ಸ್ವಿಚ್ಚ ಮುರದೆ.”

ಖಾಸಿಮಸಾಬ ದೂರದಲ್ಲಿ ಛತ್ರಿಯಿಂದ ನೆಲ ಕೆದಕುತ್ತಿದ್ದ.

ಮರಳುವಾಗ ಮಳೆ ಜೋರಾಯಿತು. ಬರಬರನೆ ಒಳಗೆ ಎರಚತೊಡಗಿತು. “ಕಿಡಕಿ ಏರಸ್ರಿ, ತೋಯಸ್ಕೋತೀರಿ” ಎಂದಳು ಗುರುಬಸವ್ವ. ಮಡಿವಾಳೆಪ್ಪ ಏರಿಸಲಿಲ್ಲ. ಇಷ್ಟು ವರ್ಷ ಕೇಳದ ಮಾತನ್ನೆಲ್ಲ ಇದೊಂದೇ ದಾರಿಯಲ್ಲಿ ಕೇಳಿ ತೀರಿಸುತ್ತೇನೆ ಎಂಬ ಹಟ ಅವನ ಮುಖದಲ್ಲಿತ್ತು. ಖಾಸಿಮಸಾಬ ಹಿಂದಿನ ಸೀಟಿನಲ್ಲಿ ಛತ್ರಿ ಬಿಚ್ಚಿ ಅದರ ಕೆಳಗೆ ಮುದುಡಿ ಕೂತ. ರಾಮದುರ್ಗದ ಓಣಿಗೆ ಬರುವಷ್ಟರಲ್ಲಿ ವ್ಯಾನಿನ ಸೀಟುಗಳು ಹಿಂಡಿದರೆ ನೀರು ಬರುವಂತಿದ್ದವು. ಗುರುಬಸವ್ವ ಮಾತ್ರ ಒಮ್ಮೆಯೂ ವಾಂತಿ ಮಾಡಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮಡಿವಾಳೆಪ್ಪನಿಗೆ ಕೆಂಡದಂಥ ಜ್ವರ. ಸಿದ್ದರಾಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ, “ನಾ ಆಗಳೇ ಅಂದಿದ್ದೆ, ಎಸಿ ಥಂಡಿ ನಮ್ಮ ಮಂದೀಗಿ ಆಗಿಬರೂದಿಲ್ಲ” ಎಂದ. ಅವನು ಬಂದದ್ದು ಅದನ್ನು ಹೇಳುವುದಕ್ಕಲ್ಲ. ಸುದ್ದಿಯೊಂದು ತಂದಿದ್ದ. ಮೇಲೆ ರಾತ್ರಿಯೆಲ್ಲ ಬಿದ್ದ ಮಳೆಗೆ ಡ್ಯಾಮಿಗೆ ನೀರು ಒತ್ತಿ ಬಂದಿದೆಯಂತೆ. ಗೇಟು ಮತ್ತೆ ತೆಗೆದಿದ್ದಾರಂತೆ, ಇವತ್ತೊಂದೇ ದಿನ. ನಿನ್ನೆಯದು ಇದರ ಮುಂದೆ ಏನೂ ಅಲ್ಲವಂತೆ.

ಮಡಿವಾಳೆಪ್ಪ ಏಳಲು ನೋಡಿದ. ಗೋಡೆ ತಿರುಗಿತು. ಮತ್ತೆ ಒರಗಿದ. ಹೊರಗೆ ವ್ಯಾನಿನ ಬಾಗಿಲುಗಳೆಲ್ಲ ತೆರೆದು ಸೀಟು ಒಣಗುತ್ತಿದ್ದವು. ಒಲೆಯ ಮುಂದೆ ಕಷಾಯ ಕುದಿಸುತ್ತಿದ್ದ ಗುರುಬಸವ್ವ ಸುದ್ದಿ ಕೇಳಿಯೂ ಕೇಳದವಳಂತೆ ಸೌಟು ಆಡಿಸುತ್ತಿದ್ದಳು.

“ಗುರುಬಸವ್ವಾ, ನೀ ಹೋಗಿ ಬಾ.”

“ನಿಮ್ಮನ್ನ ಬಿಟ್ಟ?”

“ಶಟ್ಟೆವ್ವನ ಕರಕೋ. ಬಸ್ಸಿಗಿ ಹೋಗು. ಕಿಡಕಿ ಕಡೆ ಕುಂಡ್ರು.” ಕಂಬಳಿ ಎಳೆದುಕೊಂಡು, “ಮಳಿ ಬಂದ್ರೂ ಮುಚ್ಚಾಕ ಕೊಡಬ್ಯಾಡ” ಎಂದ.

ಅವಳು ಹೋದಳು. ಖಾಸಿಮಸಾಬ ಬಂದು ಕಷಾಯ ಕುಡಿಸಿದ. ತಪ್ಪಾಯಿತೆಂದು ಎಷ್ಟೋ ಸಲ ಹೇಳಿ, ಕೊನೆಗೆ ಹಾಸಿಗೆಯ ಪಕ್ಕದಲ್ಲೇ ಗೊರಕೆ ಹೊಡೆದ. ಮಡಿವಾಳೆಪ್ಪ ಹಂಚು ನೋಡುತ್ತ ಮಲಗಿದ್ದ. ಈಗ ಮುನವಳ್ಳಿ ದಾಟಿರಬೇಕು, ಈಗ ಸಪ್ಪಳ ಕೇಳಿಸಿರಬೇಕು ಎಂದು ಮನಸ್ಸಿನಲ್ಲೇ ಬಸ್ಸು ನಡೆಸಿದ.

ದೀಪ ಹಚ್ಚುವ ಹೊತ್ತಿಗೆ ಗುರುಬಸವ್ವ ಬಂದಳು. ಕೂದಲು ಕೆದರಿತ್ತು, ಸೀರೆಯ ಅಂಚು ಒದ್ದೆಯಾಗಿತ್ತು. ಅವಳ ಮುಖದಲ್ಲಿ ಮಡಿವಾಳೆಪ್ಪ ಇಷ್ಟು ವರ್ಷದಲ್ಲಿ ಕಾಣದ ಒಂದು ಹುಡುಗಿ ಇದ್ದಳು. ಅವನು ಕಂಬಳಿ ಸರಿಸಿ, ಗೋಡೆಗೆ ಒರಗಿ ಎದ್ದು ಕೂತ.

“ಹೇಳು, ಹೆಂಗಿತ್ತು?”

ಗುರುಬಸವ್ವ ಅವನ ಕಾಲ ಬಳಿ ಕೂತಳು. ಎರಡೂ ಕೈ ಮೇಲಕ್ಕೆತ್ತಿದಳು. ಅಲ್ಲಿಂದ ಕೆಳಗೆ ತರಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಇನ್ನೊಮ್ಮೆ ಎತ್ತಿದಳು. ಬಾಯಿ ತೆರೆದಳು, ಎದುರಿನ ಗೋಡೆಯನ್ನೇ ನೋಡುತ್ತ ಉಳಿದಳು. ಕೈಗಳು ಮೆಲ್ಲಗೆ ಮಡಿಲಿಗೆ ಇಳಿದವು.

“ಶಟ್ಟೆವ್ವ ಅತ್ತಳ್ರಿ” ಎಂದಳು.

“ನೀನು?”

“ನಾನೂ.”

“ಮತ್ತ? ಪೂರಾ ಹೇಳು. ನೀರು ಹೆಂಗ ಬೀಳತಿತ್ತು?”

ಗುರುಬಸವ್ವ ಗಂಡನ ಹಣೆಯ ಮೇಲೆ ಕೈಯಿಟ್ಟಳು. ಅದು ಇನ್ನೂ ಸುಡುತ್ತಿತ್ತು. ಅವಳ ಕೈ ಮಾತ್ರ ತಣ್ಣಗಿತ್ತು.

“ಅದನ್ನ ಹೇಳಾಕ ಬರೂದಿಲ್ರಿ” ಎಂದಳು. “ನೋಡಬೇಕು.”